ಬಿಸಿಲಿಗೆ ಹಾಕಿದ ಗಾದಿ

ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಬಾಗಿಲು ತೆಗೆದು ಆಕಾಶ ನೋಡುವ ಚಟ ನನಗಿದೆ. ಬೆಟಗೇರಿಯ ಈ ಓಣಿಗೆ ನಾವು ಬಾಡಿಗೆಗೆ ಬಂದ ಹೊಸದರಲ್ಲಿ ಪಕ್ಕದ ಮನೆಯ ಪಾರಕ್ಕ ಇದನ್ನು ಕಂಡು, ಟೀಚರು ಭಾಳ ಭಕ್ತಿವಂತರು ಅಂದುಕೊಂಡಿದ್ದಳಂತೆ. ನಾನು ಕಲಿಸುವ ಅಸುಂಡಿಯ ಶಾಲೆಗೂ ಈ ಸುದ್ದಿ ಹೇಗೋ ಮುಟ್ಟಿ, ನಮ್ಮ ಹೆಡ್‌ಮಾಸ್ತರರು ನಾನು ಕವಿತೆ ಬರೆಯುವವಳೆಂದು ತಿಳಿದು, ಮಕ್ಕಳಿಗೊಂದು ಸ್ವಾಗತಗೀತೆ ಬರೆದುಕೊಡಿ ಎಂದು ಗಂಟುಬಿದ್ದಿದ್ದರು. ನಿಮ್ಮ ಮುಂದೆ ಯಾಕೆ ಮುಚ್ಚಿಡಲಿ? ನಾನು ನೋಡುತ್ತಿದ್ದುದು ದೇವರನ್ನೂ ಅಲ್ಲ, ಮೋಡದ ಚಂದವನ್ನೂ ಅಲ್ಲ. ಇವತ್ತು ಗಾದಿ ಒಣಗುತ್ತದೋ ಇಲ್ಲವೋ ಎಂದು ನೋಡುತ್ತಿದ್ದೆ.

ಗಾದಿ ಒಣಗಿಸುವ ಕೆಲಸ ಮುಗಿದು ವರ್ಷಗಳಾದವು. ಮಗಳು ರುಬೀನಾ ಈಗ ಆರನೇ ತರಗತಿ. ನನ್ನ ಚಟ ಮಾತ್ರ ಹೋಗಿಲ್ಲ. ಇದನ್ನೆಲ್ಲ ಬರೆಯಲೇ ಎಂದು ಅವಳನ್ನೇ ಕೇಳಿದೆ, ಯಾಕೆಂದರೆ ಅರ್ಧ ಕಥೆ ಅವಳದು. ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದವಳು ತಲೆ ಎತ್ತದೆ, "ಬರಿ. ಆದ್ರ ಖರೇ ಖರೇ ಬರಿ" ಅಂದಳು. ಆ ಮಾತು ಯಾಕೆ ಬಂತು ಎನ್ನುವುದು ನಿಮಗೆ ಮುಂದೆ ತಿಳಿಯುತ್ತದೆ.

ನಾವು ಪಿಂಜಾರರು. ಮನೆಮಾತು ಕನ್ನಡ, ಕಸುಬು ಹತ್ತಿ ಹಿಂಜುವುದು, ಗಾದಿ ತುಂಬುವುದು. ಲಕ್ಷ್ಮೇಶ್ವರದಲ್ಲಿ ನನ್ನ ಅಪ್ಪನ ಮನೆಯ ಅಂಗಳವೇ ಅವನ ಅಂಗಡಿ. ಹಿಂಜುವುದಕ್ಕೆ ಈಗ ಮಶೀನು ಬಂದಿದೆ. ಆದರೂ ಕೂಸಿನ ಗಾದಿ, ಬಾಣಂತಿಯ ಗಾದಿ ಎಂದರೆ ಅಪ್ಪ ಗೋಡೆಯ ಮೇಲಿನ ಹಳೆಯ ಬಿಲ್ಲನ್ನೇ ಇಳಿಸುತ್ತಾನೆ. ಆಳೆತ್ತರದ ಆ ಬಿಲ್ಲಿನ ನರವನ್ನು ಹತ್ತಿಯೊಳಗೆ ಇಟ್ಟು ಕೊಡತಿಯಿಂದ ಬಡಿದರೆ ಟುಂಯ್ ಟುಂಯ್ ಎಂದು ಸದ್ದಾಗಿ, ಗಂಟುಗಂಟಾದ ಹತ್ತಿ ಬಿಡಿಸಿಕೊಂಡು ಹಾರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಅಪ್ಪನಿಗೆ ಸೇರುವುದಿಲ್ಲ. "ಕಾಲ ಎಷ್ಟ ಉದ್ದ ಅದಾವ ನೋಡಿ ಹಾಸಿಗಿ ಮಾಡಬೇಕು. ಅದಕ್ಕ ನಾವು ಇರೂದು" ಅನ್ನುತ್ತಾನೆ. ಇಂಥವನ ಮೊಮ್ಮಗಳು ಏಳು ತುಂಬಿದರೂ ವಾರಕ್ಕೆ ನಾಲ್ಕು ದಿನ ಗಾದಿ ತೋಯಿಸುತ್ತಿದ್ದಳು.

ಜನ ಪಂಚಾಂಗ ನೋಡಿ ಕಾಲ ತಿಳಿಯುತ್ತಾರೆ, ನಾನು ಗಾದಿ ನೋಡಿ ತಿಳಿಯುತ್ತಿದ್ದೆ. ಯುಗಾದಿಯಿಂದ ಜೂನಿನ ಮಿರಗದ ಮಳೆಯವರೆಗೆ ನನಗೆ ಸುಖದ ದಿನಗಳು. ಎಂಟಕ್ಕೆ ಮಾಳಿಗೆಗೆ ಏರಿಸಿದರೆ ಹತ್ತೂವರೆಗೆಲ್ಲ ಗಾದಿ ಹಪ್ಪಳದಂತೆ ಒಣಗಿರುತ್ತಿತ್ತು. ತೊಡಕೆಂದರೆ, ಮಾಳಿಗೆ ಎರಡೂ ಮನೆಗೆ ಒಂದೇ. ಪಾರಕ್ಕನದು ನೇಕಾರರ ಮನೆ. ಮಗ್ಗ ನಿಂತ ಮೇಲೆ ಆಕೆ ಬೇಸಿಗೆಯಲ್ಲಿ ಶಾವಿಗೆ, ಸಂಡಿಗೆ ಮಾಡಿ ಮಾರುತ್ತಾಳೆ. ಹೀಗಾಗಿ ಒಂದು ಕಡೆ ಆಕೆಯ ಬೆಳ್ಳನೆಯ ಸಂಡಿಗೆ, ಇನ್ನೊಂದು ಕಡೆ ನಮ್ಮ ಗಾದಿ.

"ರಾತ್ರಿ ನೀರ ಚೆಲ್ಲೇತ್ರಿ ಪಾರಕ್ಕ" ಎಂದು ಆಕೆ ಕೇಳದಿದ್ದರೂ ನಾನು ಹೇಳುತ್ತಿದ್ದೆ.

ಮೊದಲ ದಿನ ಆಕೆ ಹೌದೇನ್ರಿ ಅಂದಳು. ಎರಡನೆಯ ದಿನವೂ ಅಂದಳು. ನಾಲ್ಕನೆಯ ದಿನ ಸಂಡಿಗೆಯ ಚಾಪೆಯನ್ನು ಒಂದು ಮಾರು ಆಚೆಗೆ ಎಳೆದುಕೊಳ್ಳುತ್ತ, "ಊರಿಗೆಲ್ಲಾ ನಳಾ ಬಂದು ಎಷ್ಟ ದಿನ ಆತು, ನಿಮ್ಮ ಮನ್ಯಾಗ ಗಾದಿಗೂ ನೀರ ಐತಿ ಬಿಡ್ರಿ" ಅಂದಳು. ಖರೆ ಮಾತು. ನಮ್ಮ ಗದಗ-ಬೆಟಗೇರಿಯಲ್ಲಿ ನಳಕ್ಕೆ ನೀರು ಬಂತೆಂದರೆ ಕೆಲಸಕ್ಕೆ ರಜೆ ಹಾಕಿ ತುಂಬಿಕೊಳ್ಳುವ ಜನ ನಾವು. ಇಂಥ ಊರಲ್ಲಿ ದಿನಾ ಗಾದಿಯ ಮೇಲೆ ನೀರು ಚೆಲ್ಲಿದೆ ಅನ್ನುವ ಸುಳ್ಳನ್ನು ನನ್ನಂಥ ದಡ್ಡಿಯೇ ಹೇಳಬೇಕು. ಪಾರಕ್ಕ ಮುಂದೆ ಆ ಮಾತು ಎತ್ತಲಿಲ್ಲ. ಆದರೆ ಆ ಬೇಸಿಗೆಯುದ್ದಕ್ಕೂ ಮಾಳಿಗೆಯ ಒಳ್ಳೆಯ ಬಿಸಿಲಿನ ಮೂಲೆಯನ್ನು ನಮಗೇ ಬಿಟ್ಟಿರುತ್ತಿದ್ದಳು.

ಮಳೆಗಾಲದ ಪಾಡು ಕೇಳಬೇಡಿ. ನಮ್ಮ ಕಡೆ ಮಳೆ ಸುರಿಯುವುದಕ್ಕಿಂತ ಮೋಡ ಮುಚ್ಚಿಕೊಂಡು ಕೂಡುವುದೇ ಹೆಚ್ಚು. ಆಷಾಢದಲ್ಲಿ ಗಾಳಿ ಬೀಸಿ ಬೀಸಿ ಒಂದಿಷ್ಟು ಒಣಗುತ್ತಿತ್ತು. ಶ್ರಾವಣ ಬಂದು ಜಿಟಿಜಿಟಿ ಹಿಡಿಯಿತೆಂದರೆ ಮೂರು ದಿನವಾದರೂ ಹತ್ತಿಯೊಳಗಿನ ಹಸಿ ಹೋಗದು. ಇಸ್ತ್ರಿಪೆಟ್ಟಿಗೆ ತಿಕ್ಕಿ ನೋಡಿದೆ, ಫ್ಯಾನಿನ ಕೆಳಗೆ ನಿಲ್ಲಿಸಿ ನೋಡಿದೆ. ನಮ್ಮ ಮನೆಯವರದು ಮೋಟಾರು ರಿವೈಂಡಿಂಗ್ ಅಂಗಡಿ. ಸುತ್ತಿದ ತಂತಿಗೆ ಬಳಿದ ವಾರ್ನಿಶು ಒಣಗಲೆಂದು ಉರಿಸುವ ದೊಡ್ಡ ಬಲ್ಬನ್ನು ಒಂದು ದಿನ ಕಿತ್ತುಕೊಂಡು ಬಂದರು. "ಬೋರಿನ ಮೋಟಾರ ಒಣಗತೈತಿ, ಗಾದಿ ಒಣಗಂಗಿಲ್ಲೇನು" ಎಂದು ಮಂಚದ ಕೆಳಗೆ ತೂಗಿ ಹಾಕಿದರು. ಒಣಗಿತು, ಸುಳ್ಳು ಹೇಳಬಾರದು. ಆದರೆ ಮನೆಯೆಲ್ಲಾ ವಾರ್ನಿಶಿನ ವಾಸನೆ ಮತ್ತು ಇನ್ನೊಂದು ವಾಸನೆ ಸೇರಿ, ಬಂದ ನೆಂಟರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಚಳಿಗಾಲದಲ್ಲಿ ಬಿಸಿಲಿಗೆ ಬರವಿಲ್ಲ, ಆದರೆ ಅದು ಓಣಿಯ ಗೋಡೆಗಳನ್ನು ದಾಟಿ ಬರುವ ಹೊತ್ತಿಗೆ ನನ್ನ ಅಸುಂಡಿ ಬಸ್ಸು ಹೋಗಿಬಿಟ್ಟಿರುತ್ತಿತ್ತು. ಚಳಿಗೆ ಮಗು ತೋಯಿಸುವುದೂ ಹೆಚ್ಚು. ಬೆಳಗಿನ ಜಾವದ ತಣ್ಣನೆಯ ಲಂಗವನ್ನು ಅವಳ ಮೈಯಿಂದ ಬಿಚ್ಚುವಾಗ ಅವಳು ಕಣ್ಣು ಮುಚ್ಚಿಕೊಂಡೇ ಎರಡೂ ಕೈ ಎತ್ತಿ ನಿಲ್ಲುತ್ತಿದ್ದಳು. ನಿದ್ದೆಯಲ್ಲೂ ನನ್ನ ಭುಜಕ್ಕೆ ಹಣೆ ಆನಿಸುತ್ತಿದ್ದಳು. ಆ ಭಾರ ಎಷ್ಟು ಹಿತವಾಗಿತ್ತೆಂದು ಆಗ ನನಗೆ ಹೊಳೆಯಲಿಲ್ಲ. ಹೊಳೆಯುತ್ತಿದ್ದುದು ಗಡಿಯಾರ ಮಾತ್ರ.

ಮಾಡದ ಮದ್ದಿಲ್ಲ. ಎಳ್ಳು ಬೆಲ್ಲದ ಉಂಡೆ ತಿನ್ನಿಸಿದರೆ ನಿಲ್ಲುತ್ತದೆ ಎಂದರು. ತಿಂದು ತಿಂದು ಹುಡುಗಿ ದುಂಡಗಾದಳು, ಗಾದಿ ಮಾತ್ರ ಒದ್ದೆ. ಮುಂಡರಗಿಯ ಹತ್ತಿರ ಹಿರೇವಡ್ಡಟ್ಟಿಯಲ್ಲಿರುವ ನಮ್ಮ ಅತ್ತೆ ತಾಯತ ಕಟ್ಟಿಸಿ ಕಳಿಸಿದರು, ಅದೂ ತೊಯ್ದಿತು. ಡಾಕ್ಟರು ನಕ್ಕು, ಕೆಲವು ಮಕ್ಕಳಿಗೆ ತಡ, ತಾನಾಗಿ ಹೋಗುತ್ತದೆ, ಬಯ್ಯಬೇಡಿ ಅಂದರು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಗಾದಿಯ ವಿಷಯದಲ್ಲಿ ನಲವತ್ತು ವರ್ಷ ಪಳಗಿದ ನನ್ನ ಅಪ್ಪನನ್ನು ಕೇಳಬೇಕೆಂದು ಮಾತ್ರ ನನಗೆ ತೋಚಲಿಲ್ಲ.

ಬಯ್ಯಬೇಡಿ ಅಂದಿದ್ದರಲ್ಲ, ನಾನು ಬಯ್ಯಲೂ ಇಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದೆ. ಶ್ರಾವಣದ ಒಂದು ಬೆಳಿಗ್ಗೆ, ಸೂರ್ಯನ ಮುಖ ಕಂಡು ಮೂರು ದಿನವಾಗಿತ್ತು. ಇದ್ದ ಎರಡೂ ಗಾದಿ ಹಸಿ. ರೊಟ್ಟಿ ತವೆಯ ಮೇಲೆ, ಬಸ್ಸಿಗೆ ಹದಿನೈದು ನಿಮಿಷ. ಅವಳು ಮೂಲೆಯಲ್ಲಿ ನಿಂತು, "ಅಮ್ಮಿ, ನಾ ಬೇಕಂತ ಮಾಡಿಲ್ಲ" ಅಂದಳು. ನಾನು ಅವಳ ಕಡೆ ತಿರುಗಲೂ ಇಲ್ಲ.

"ನಿನ್ನ ವಯಸ್ಸಿನ್ಯಾಗ ನಾ ಒಂದ ದಿನಾನೂ ಹಿಂಗ ಮಾಡಿಲ್ಲ ನೋಡು" ಅಂದೆ.

ಅಷ್ಟೇ. ಕೂಗಲಿಲ್ಲ, ಹೊಡೆಯಲಿಲ್ಲ. ಅವಳು ಸುಮ್ಮನೆ ಹೋಗಿ ಪಾಟಿಚೀಲ ಹಾಕಿಕೊಂಡಳು.

ಈಗ ಖರೇ ಖರೇ ಬರೆಯುವ ಹೊತ್ತು ಬಂತು. ನಾನು ನಾಲ್ಕನೇ ತರಗತಿಯವರೆಗೆ ಗಾದಿ ತೋಯಿಸಿದವಳು. ವಾರಕ್ಕೆ ನಾಲ್ಕು ದಿನವಲ್ಲ, ಏಳೂ ದಿನ. ಗಿರಾಕಿಗಳಿಗೆ ಹೊಲಿದು ಮಿಕ್ಕ ನೀಲಿ ಪಟ್ಟೆಯ ಬಟ್ಟೆಯಲ್ಲಿ ಗವಸು ಹೊಲಿದು, ಅಳಿದುಳಿದ ಹತ್ತಿ ತುಂಬಿ ಅಪ್ಪ ನನಗೊಂದು ಗಾದಿ ಮಾಡಿಕೊಟ್ಟಿದ್ದ. ಊರವರು ಎರಡು ವರ್ಷಕ್ಕೋ ಮೂರು ವರ್ಷಕ್ಕೋ ಒಮ್ಮೆ ಗಾದಿ ಬಿಚ್ಚಿಸಿ ಹಿಂಜಿಸುತ್ತಾರೆ. ನನ್ನ ಗಾದಿಯನ್ನು ಅಪ್ಪ ತಿಂಗಳಿಗೊಮ್ಮೆ ಬಿಚ್ಚಿ, ಹತ್ತಿಯನ್ನು ಅಂಗಳದಲ್ಲಿ ಹರವಿ, ಬಿಲ್ಲಿನಿಂದ ಹಿಂಜಿ, ಗವಸು ಒಗೆಯಲು ಹಾಕುತ್ತಿದ್ದ. "ಯಾಕ ಸಾಬರ, ನಿಮ್ಮ ಮನೀ ಗಾದಿನ ತಿಂಗಳಿಗೊಮ್ಮೆ ಬಿಚ್ಚತೀರಲ್ಲ" ಎಂದು ಹಾದುಹೋಗುವವರು ಕೇಳಿದರೆ, "ಇದು ಸ್ಯಾಂಪಲ್ ಐತ್ರಿ, ಗಿರಾಕಿಗೆ ತೋರಸಾಕ" ಅನ್ನುತ್ತಿದ್ದ. ನಾನೂ ಎಷ್ಟೋ ವರ್ಷ ಅದನ್ನು ನಂಬಿದ್ದೆ. ಅಪ್ಪನ ಕಸುಬಿಗೆ ಸ್ಯಾಂಪಲ್ ಆಗಿದೆ ಎಂದು ನನ್ನ ಗಾದಿಯ ಬಗ್ಗೆ ನನಗೆ ಜಂಬವೂ ಇತ್ತು. ಅವನು ಒಂದು ದಿನವೂ ನನಗೆ ಏನೂ ಅನ್ನಲಿಲ್ಲ. ಅಂಥ ಅಪ್ಪನ ಮಗಳು ತನ್ನ ಮಗಳಿಗೆ ಅಂದ ಮಾತು ನೀವು ಕೇಳಿದಿರಿ.

ಆ ಶ್ರಾವಣದಿಂದ ರುಬಿ ಮುಚ್ಚಿಡಲು ಕಲಿತಳು. ಎದ್ದವಳೇ ಗಾದಿಯ ಮೇಲೆ ದುಪ್ಪಟಿ ಮಡಿಚಿಟ್ಟು, ಅದರ ಮೇಲೆ ಪಾಟಿಚೀಲ ಇಟ್ಟು, ಶಿಸ್ತಾಗಿ ಕೂತಿರುತ್ತಿದ್ದಳು. ಒಂದು ದಿನ ಮುಂಜಾನೆ ನೋಡಿದರೆ ಗಾದಿ ಬಿಟ್ಟು ಅಡುಗೆಮನೆಯ ಹೊಸ್ತಿಲ ಬಳಿ ಬರಿ ನೆಲದ ಮೇಲೆ ಮಲಗಿದ್ದಳು. "ನೆಲಾ ಒರಸಿದ್ರ ಒಣಗತೈತಿ" ಅಂದಳು. ಏಳು ವರ್ಷದ ಮಗು ಹೀಗೆ ಲೆಕ್ಕ ಹಾಕಿತ್ತು. ಎತ್ತಿಕೊಂಡು ಮುದ್ದು ಮಾಡಿದೆ. ಆದರೆ ನಾನು ಆಡಿದ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ತಾಯಿಯೆಂಬ ಬಿಂಕ ಬಿಡಬೇಕಲ್ಲ.

ದೀಪಾವಳಿ ಸೂಟಿ ಬಂತು. ಸೂಟಿಗೆ ಅಜ್ಜನ ಮನೆಗೆ ಹೋಗಿ, ಹಿಂಜಿದ ಹತ್ತಿಯ ರಾಶಿಯಲ್ಲಿ ಬಿದ್ದು ಹೊರಳಿ, ತಲೆ ತುಂಬ ಹತ್ತಿ ಮಾಡಿಕೊಂಡು ಮುದುಕಿಯಂತೆ ಕುಣಿಯುವುದೆಂದರೆ ಅವಳಿಗೆ ಪ್ರಾಣ. ಅಪ್ಪ ಅವಳಿಗೆಂದೇ ಹೊಸ ಗಾದಿ ಮಾಡಿ, ಅವಳ ಉದ್ದಕ್ಕಿಂತ ಒಂದು ಮೊಳ ಹೆಚ್ಚಿಟ್ಟು, ಕೆಂಪು ಹೂವಿನ ಗವಸು ಹಾಕಿದ್ದೇನೆಂದು ಫೋನಿನಲ್ಲಿ ಹೇಳಿದ. ರುಬಿ ಫೋನನ್ನು ನನ್ನ ಕೈಗೆ ಕೊಟ್ಟು, "ನಾ ಒಲ್ಲೆ" ಅಂದಳು.

"ಯಾಕ?"

"ಹೊಸಾ ಗಾದಿ ಹೊಲಸ ಆಗತೈತಿ." ಮತ್ತೆ, "ಅಜ್ಜಗ ಹೇಳಬ್ಯಾಡ" ಅಂದಳು.

ಹೇಳಲಿಲ್ಲ. ಓದು ಬಹಳ ಇದೆ ಎಂದು ಏನೋ ನೆಪ ಹೇಳಿದೆ. ಎರಡನೇ ತರಗತಿಗೆ ಅದೆಂಥ ಓದೋ. ಅಪ್ಪ ಎರಡು ತಿಂಗಳು ವಾರವಾರವೂ ಫೋನು ಮಾಡಿದ. ಕಡೆಗೊಂದು ದಿನ ಅವನ ದನಿ ಇಳಿದಿತ್ತು. "ಕೂಸಿಗೆ ನನ್ನ ಮ್ಯಾಲ ಸಿಟ್ಟ ಐತೇನವಾ? ಐತಿ ಅಂದ್ರ ಹೇಳು, ನಾನ ಬಂದು ಮಾತಾಡಸತೀನಿ" ಅಂದ. ಇತ್ತ ಮಗಳು ನೆಲದ ಮೇಲೆ, ಅತ್ತ ಅಪ್ಪ ಹೀಗೆ. ನಡುವೆ ನನ್ನದೊಂದು ಸುಳ್ಳು ಗಟ್ಟಿಯಾಗಿ ಕೂತಿತ್ತು.

ಸಂಕ್ರಾಂತಿ ಮುಗಿದ ಮೇಲಿನ ಭಾನುವಾರ, ಸಂಜೆ ಬಸ್ಸಿಗೇ ವಾಪಸು ಬರೋಣ ಎಂದು ಆಣೆ ಮಾಡಿ ಅವಳನ್ನು ಹೊರಡಿಸಿದೆ. ಶಿರಹಟ್ಟಿ ಮೇಲಿನ ಬಸ್ಸು. ದಾರಿಯುದ್ದಕ್ಕೂ ಆ ಆಣೆಯನ್ನು ಅವಳು ಮೂರು ಸಲ ಖಾತ್ರಿ ಮಾಡಿಕೊಂಡಳು.

ನನ್ನ ಅವ್ವ ಹೊಸ ಗಾದಿಯನ್ನು ಕಟ್ಟೆಯ ಮೇಲೆ ಹಾಸಿಯೇ ಇಟ್ಟಿದ್ದಳು. "ಕುಂಡ್ರು ಬಾರವಾ, ನಿಂದ ಐತಿ" ಅಂದಳು. ರುಬಿ ಅದರ ಹೂಗಳ ಮೇಲೆ ಒಮ್ಮೆ ಕೈಯಾಡಿಸಿ, ಹೋಗಿ ಹೊಸ್ತಿಲ ಮೇಲೆ ಕೂತಳು. ಅಂಗಳದಲ್ಲಿ ಚಹಾ ಕುಡಿಯುತ್ತಿದ್ದ ಅಪ್ಪ ಅದನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಚಹಾದ ಬಸಿ ತಿರುವಿಟ್ಟ.

"ರುಬಿ, ಇಲ್ಲೆ ಬಾ. ಈ ಹೊಲಿಗಿ ಬಿಚ್ಚಾಕ ನನಗ ಕಣ್ಣ ಕಾಣವಲ್ವು."

ಯಳವತ್ತಿಯಿಂದ ಬಂದ ಗಿರಾಕಿಯ ಗಾದಿ ಅದು. ಅಜ್ಜ ಮೊಮ್ಮಗಳು ಸೇರಿ ದಾರ ಕಿತ್ತರು, ಗಟ್ಟಿಯಾದ ಹತ್ತಿಯನ್ನು ಹೊರಗೆ ಸುರಿದರು. ಅಪ್ಪ ಗವಸನ್ನು ಒಳಹೊರಗು ಮಾಡಿ ಕೊಡವಿದ. ನಡುಮಧ್ಯದಲ್ಲಿ ಹಳದಿ ಬಣ್ಣದ ದೊಡ್ಡ ದುಂಡನೆಯ ಕಲೆ. ರುಬಿ ಕೈ ಹಿಂದಕ್ಕೆ ತೆಗೆದುಕೊಂಡಳು.

"ಅಜ್ಜಾ, ಅದೇನು?"

"ಉಚ್ಚಿ ಕಲಿ."

"ಯಾರದು?"

"ಯಾವುದೋ ಕೂಸಿಂದು. ಈಗ ಅದಕ್ಕ ಮೀಸಿ ಬಂದಾವ, ಟ್ರ್ಯಾಕ್ಟರ್ ಹೊಡೀತೈತಿ."

ರುಬಿಯ ಬಾಯಿ ತೆರೆಯಿತು. "ಹೆಸರೇನು ಅವಂದು?"

"ಗಿರಾಕಿ ಹೆಸರು ಹೇಳಂಗಿಲ್ಲವಾ. ನಮ್ಮಪ್ಪ ಹೇಳತಿದ್ದಿಲ್ಲ, ನಾನೂ ಹೇಳಂಗಿಲ್ಲ. ಮಂದಿ ನಂಬಿ ಗಾದಿ ಕೊಡತಾರ." ಅಪ್ಪ ಬಿಲ್ಲನ್ನು ಇಳಿಸಿಕೊಂಡು ಕೂತ. "ಆದ್ರ ಒಂದ ಹೇಳತೀನಿ ಕೇಳು. ಮಾಸ್ತರ ಮನೀದು ಬಿಚ್ಚೇನಿ, ಪೊಲೀಸರ ಮನೀದು ಬಿಚ್ಚೇನಿ, ಡಾಕ್ಟರ ಮನೀದೂ ಬಿಚ್ಚೇನಿ. ಕಲಿ ಇಲ್ಲದ ಗಾದಿ ನಾ ಇನ್ನೂ ಕಂಡಿಲ್ಲ. ಹತ್ತಿಗೆ ಅದರ ಖಬರ ಇರಂಗಿಲ್ಲ. ಬಿಸಲಿಗೆ ಹಾಕಿ ನಾಕ ಪೆಟ್ಟ ಹಿಂಜಿದ್ರ ಮತ್ತ ಹೊಸಾದು."

"ಎಲ್ಲಾರೂ ಮಾಡಂಗಿಲ್ಲ ಅಜ್ಜಾ. ನಮ್ಮ ಅಮ್ಮಿ ಒಂದ ದಿನಾನೂ ಮಾಡಿಲ್ಲಂತ" ಅಂದಳು.

ಅಪ್ಪನ ಕೊಡತಿ ಮೇಲೆತ್ತಿದ್ದು ಅಲ್ಲೇ ನಿಂತಿತು. ಅವ್ವ ಚಹಾದ ಬಸಿಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅಪ್ಪ ಬಿಲ್ಲು ಬದಿಗಿಟ್ಟು, ನೆಲದ ಮೇಲಿನ ಹತ್ತಿಯನ್ನು ಎರಡೂ ಕೈಯಿಂದ ಒತ್ತಟ್ಟಿಗೆ ಸರಿಸಿದ. ಹತ್ತಿಗೆ ಮಣ್ಣು ಹತ್ತದಿರಲಿ ಎಂದು ಅದರ ಕೆಳಗೆ ಒಂದು ಹಳೆಯ ಗವಸನ್ನು ಬಿಚ್ಚಿ ಹಾಸಿದ್ದ. ಬಣ್ಣ ಹೋದ ನೀಲಿ ಪಟ್ಟೆ. ಅದರ ತುಂಬ ಕಲೆಯ ಮೇಲೆ ಕಲೆ, ದುಂಡಗೆ, ಒಂದರೊಳಗೊಂದು. ಬೇಕೆಂದೇ ಸರಿಸಿದನೋ, ಕೆಲಸಕ್ಕೆ ಜಾಗ ಮಾಡಿಕೊಂಡನೋ, ಇವತ್ತಿಗೂ ನಾನು ಕೇಳಿಲ್ಲ.

ರುಬಿ ಬಗ್ಗಿ ನೋಡಿದಳು. "ಇದು ಭಾಳ ಆತಲ್ಲ ಅಜ್ಜಾ. ಇದು ಯಾರದು?"

ಅಪ್ಪ ಬಿಲ್ಲಿನ ನರವನ್ನು ಬೆರಳಿನಿಂದ ಸವರಿ ನೋಡುತ್ತಿದ್ದ. ನನ್ನ ಕಡೆ ತಲೆ ಎತ್ತಲಿಲ್ಲ. "ಗಿರಾಕಿ ಹೆಸರು ಹೇಳಂಗಿಲ್ಲವಾ" ಅಂದ, ಮೆಲ್ಲಗೆ.

ಅವನು ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಮೂವತ್ತು ವರ್ಷ ಹೇಳದವನು ಈಗಲೂ ಹೇಳುವುದಿಲ್ಲ. ನಾನು ಸುಮ್ಮನಿದ್ದರೆ ನನ್ನ ಸುಳ್ಳು ಸುಖವಾಗಿ ಉಳಿಯುತ್ತಿತ್ತು, ನನ್ನ ಮಗಳು ಸಂಜೆ ಬಸ್ಸಿಗೆ ಬಂದು ಮತ್ತೆ ನೆಲದ ಮೇಲೆ ಮಲಗುತ್ತಿದ್ದಳು. ಮಕ್ಕಳ ಮುಂದೆ ದಿನವಿಡೀ ಮಾತಾಡುವ ಟೀಚರಿಗೆ ಒಂದು ಶಬ್ದ ಹೊರಡಿಸಲು ಇಷ್ಟು ಕಷ್ಟ.

"ನಂದು" ಅಂದೆ.

ರುಬಿ ತಿರುಗಿದಳು.

"ಆ ಗಾದಿ ನಂದು, ರುಬಿ. ನಿನಗ ನಾ ಸುಳ್ಳ ಹೇಳಿದ್ದೆ. ದಿನಾ ಮಾಡತಿದ್ದೆ."

ಅವಳು ನನ್ನ ಮುಖ ನೋಡಿದಳು, ಗವಸು ನೋಡಿದಳು. ಸಿಟ್ಟು ಮಾಡುತ್ತಾಳೆಂದು ಅಂದುಕೊಂಡೆ, ಮಾಡಲಿಕ್ಕೆ ಅವಳಿಗೆ ಹಕ್ಕೂ ಇತ್ತು. ಅವಳು ಕೆಳಗೆ ಕೂತು, ಎಲ್ಲಕ್ಕಿಂತ ದೊಡ್ಡ ಕಲೆಯ ಮೇಲೆ ಗೇಣು ಹಾಕಿ ಅಳೆದಳು. ಎರಡು ಗೇಣು, ಮೇಲೆ ನಾಲ್ಕು ಬೆರಳು. "ನಂದಕಿಂತ ದೊಡ್ಡದೈತಿ" ಅಂದಳು. ಆ ದನಿಯಲ್ಲಿ ಎಂಥ ಸಂತೋಷವಿತ್ತೆಂದರೆ, ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ಯಾವಾಗ ಬಿಟ್ಟಿ?"

"ನಾಕನೇ ಕ್ಲಾಸಿನ್ಯಾಗ."

ಅವಳು ಬೆರಳು ಮಡಿಚಿ ಎಣಿಸಿದಳು. "ಹಂಗಾರ ನನಗ ಇನ್ನೂ ಎರಡ ವರ್ಷ ಐತಿ" ಎಂದು ನೆಮ್ಮದಿಯಿಂದ ಎದ್ದಳು. ಹೋಗಿ ಕೆಂಪು ಹೂವಿನ ಗಾದಿಯ ನಟ್ಟನಡುವೆ ಕೂತಳು. ಅಪ್ಪ ಕೊಡತಿ ಎತ್ತಿ ಟುಂಯ್ ಎಂದು ಬಡಿದ. ಅವನ ಗಡ್ಡ ತುಂಬ ಹತ್ತಿಯಾಗಿತ್ತು, ಕಣ್ಣು ಒರೆಸಿಕೊಂಡದ್ದಕ್ಕೆ ಅದೇ ಕಾರಣವೆಂದು ಹೇಳಿದ.

ಸಂಜೆ ಬಸ್ಸಿಗೆ ನಾನೊಬ್ಬಳೇ ಹೊರಟು ನಿಂತೆ. ಅವಳು ಬರಲಿಲ್ಲ. ಆಣೆ ನೆನಪಿಸಿದರೆ, "ಅದು ನೀ ಮಾಡಿದ್ದು, ನಾ ಅಲ್ಲ" ಅಂದಳು. ಕಡೆಗೆ ನಾನೂ ಉಳಿದೆ, ಸೋಮವಾರಕ್ಕೆ ರಜೆ ಚೀಟಿ ಬರೆದೆ.

ಮರುದಿನ ಬೆಳಿಗ್ಗೆ ಎದ್ದಾಗ ಕಟ್ಟೆಯ ಮೇಲೆ ಗಾದಿ ಇರಲಿಲ್ಲ. ಹೊರಗೆ ಬಂದು ನೋಡಿದರೆ, ಒಂದು ತುದಿ ಅಪ್ಪ, ಒಂದು ತುದಿ ರುಬಿ ಹಿಡಿದು ಅದನ್ನು ಅಂಗಳದ ಗೋಡೆಯ ಮೇಲೆ ಹರವುತ್ತಿದ್ದರು. ಕೆಂಪು ಹೂಗಳ ನಡುವೆ ದುಂಡನೆಯ ಒದ್ದೆ. ರುಬಿ ಎರಡೂ ಕೈ ಸೊಂಟದ ಮೇಲಿಟ್ಟು ಥೇಟು ನನ್ನಂತೆ ತಲೆ ಎತ್ತಿ ಆಕಾಶ ನೋಡಿದಳು. "ಬಿಸಲ ಚೊಲೋ ಐತಿ ಅಜ್ಜಾ, ಹತ್ತಕ್ಕೆಲ್ಲಾ ಒಣಗತೈತಿ" ಅಂದಳು. ಅಷ್ಟರಲ್ಲಿ ಹಾಲು ತರಲು ಹೊರಟಿದ್ದ ಓಣಿಯ ಹೆಂಗಸೊಬ್ಬಳು ಗೋಡೆಯ ಬಳಿ ನಿಂತು, ಗಾದಿ ನೋಡಿ, ಮಗುವನ್ನು ನೋಡಿ ನಕ್ಕಳು.

"ಏನವಾ, ಯಾರದಿದು ಗಾದಿ?"

ರುಬಿ ಗಾದಿಯ ಸುಕ್ಕನ್ನು ಅಂಗೈಯಿಂದ ಸವರಿ ಸರಿ ಮಾಡಿ, ಅಜ್ಜನ ದನಿಯಲ್ಲೇ ಹೇಳಿದಳು:

"ಗಿರಾಕಿ ಹೆಸರು ಹೇಳಂಗಿಲ್ಲರಿ."